ಟೇಪ್ ರೆಕಾರ್ಡರಿನ ಮೋಟಾರು

ನಾನೇ ಮಾಡಿದ ಪುಟ್ಟ ವಿಮಾನ ಕೈಯಿಂದ ಚಿಮ್ಮಿ ಗೊರೇಬಾಳ ಹಳ್ಳಿಯ ಕಣದ ಮೇಲೆ ಏರಿದಾಗ, ಭತ್ತ ತೂರುತ್ತಿದ್ದ ಹೆಂಗಸರು ಮೊರ ಎತ್ತಿಕೊಂಡೇ ನಿಂತುಬಿಟ್ಟರು. ತೊಂಬತ್ತರ ದಶಕದ ಮಾತು. ಅದಕ್ಕೂ ಮುಂಚೆ ಅದು ಹಾರಿಸಿದಾಗಲೆಲ್ಲ ಮೂಗು ಮುರಿದುಕೊಂಡು ಬಿದ್ದಿತ್ತು. ಸಿಂಧನೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ನನಗೆ, ಭಾರ ಇದ್ದಷ್ಟೂ ಬಲ ಎಂಬ ನಂಬಿಕೆ. ಜೋಳದ ದಂಟಿನ ಬೆಂಡಿನಿಂದ ಮಾಡಿದ ಆ ಹಗುರ ವಿಮಾನಕ್ಕೆ ದಪ್ಪ ಮೋಟಾರು, ಅಗಲದ ಫ್ಯಾನು, ಟಾರ್ಚಿನ ದೊಡ್ಡ ಸೆಲ್ಲು ಹೇರಿದ್ದೆ. ಕೊನೆಗೆ ಎಲ್ಲವನ್ನೂ ಇಳಿಸಿ, ಚಾರ್ಜ್ ಮಾಡುವ ಸಣ್ಣ ಸೆಲ್ಲು, ಪ್ಲಾಸ್ಟಿಕ್ ಡಬ್ಬಿಯಿಂದ ಕತ್ತರಿಸಿದ ಕಿರಿದಾದ ಫ್ಯಾನು ಹಾಕಿದೆ. ಅದಕ್ಕೆ ಒಪ್ಪುವ ಮೋಟಾರು ಮನೆಯಲ್ಲಿ ಒಂದೇ ಇತ್ತು. ಅದು ನನ್ನ ಹೆಂಡತಿ ಶಾಂತಾ ಗುರುಗುಂಟಾದ ತವರಿನಿಂದ ತಂದಿದ್ದ ಟೇಪ್ ರೆಕಾರ್ಡರಿನೊಳಗೆ! ಕೇಳಲು ಹಿಂಜರಿಯುತ್ತಿದ್ದೆ. ಅವಳೇ ಸ್ಕ್ರೂಡ್ರೈವರ್ ತಂದು ಕೈಗಿಟ್ಟಳು.

ವಿಮಾನ ಒಂದು ಸುತ್ತು ಹಾಕಿ ಹುಲ್ಲಿನ ಬಣವೆಯ ಮೇಲೆ ಮೆಲ್ಲಗೆ ಇಳಿಯಿತು. ಎಲ್ಲರೂ ನನ್ನತ್ತ ತಿರುಗಿದರು. ಶಾಂತಾ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಅವರನ್ನೇನು ನೋಡ್ತೀರಿ? ಹಾರಿದ್ದು ನನ್ನ ಟೇಪ್ ರೀ!"

ಆ ಟೇಪು ಮತ್ತೆ ಹಾಡಲಿಲ್ಲ, ಇವತ್ತಿಗೂ ಷೋಕೇಸಿನಲ್ಲಿದೆ. ಬಂದವರು ಕೆಟ್ಟಿದೆಯೇ ಎಂದು ಕೇಳಿದರೆ ಶಾಂತಾಳ ಉತ್ತರ ಒಂದೇ: "ಕೆಟ್ಟಿಲ್ರೀ, ಆಕಾಶಕ್ಕ ಹೋಗಿ ಬಂದೈತಿ."