ಏಳನೆಯ ಸಲ ಕೂಗಿದ ಹೆಸರು

ಹನ್ನೊಂದು ವರ್ಷ ಸಂಬಳಕ್ಕೆ ಫುಟ್‌ಬಾಲ್ ಆಡಿದ ಲ್ಯಾಡ್ ಹ್ರಿಂಕೋನ ಹೆಸರನ್ನು ಟಿವಿಯಲ್ಲಿ ಆಟ ವಿವರಿಸುವವರು ಒಟ್ಟು ಏಳು ಸಲ ಹೇಳಿದ್ದಾರೆ. ನಾನು ಲೆಕ್ಕ ಇಟ್ಟಿದ್ದೇನೆ. ಏಳು ಸಲವೂ ಅವನು ತಪ್ಪು ಮಾಡಿ ರೆಫರಿ ಹಳದಿ ಬಟ್ಟೆ ಎಸೆದಾಗಲೇ. ಮೊದಲಿನ ಆರನ್ನು ಬಿಟ್ಟುಬಿಡುತ್ತೇನೆ, ಅವು ನಿಜವಾಗಿ ಅವನ ತಪ್ಪುಗಳು. ಏಳನೆಯದು ಮಾತ್ರ ಹತ್ತೊಂಬತ್ತು ವರ್ಷವಾದರೂ ನನ್ನ ಗಂಟಲಿನಿಂದ ಕೆಳಗಿಳಿದಿಲ್ಲ.

ನಮ್ಮ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಎಸೆಯುವವನ ಫೋಟೋ ಪೇಪರಿನಲ್ಲಿ ಬರುತ್ತದೆ, ಹಿಡಿದವನದೂ ಬರುತ್ತದೆ. ಅವರ ಮುಂದೆ ಸಾಲಾಗಿ ಬಗ್ಗಿ ನಿಲ್ಲುವ ಐದು ಜನ ದಪ್ಪನೆಯವರ ಫೋಟೋ ಬರುವುದಿಲ್ಲ. ಎದುರಿನವರು ನುಗ್ಗಿ ಬಂದಾಗ ಎದೆ ಕೊಟ್ಟು ತಡೆಯುವುದು ಅವರ ಕೆಲಸ. ತಳ್ಳಬಹುದು, ಆದರೆ ಅಂಗಿ ಹಿಡಿದು ಎಳೆಯುವಂತಿಲ್ಲ. ಲ್ಯಾಡ್ ಆ ಸಾಲಿನ ಎಡ ತುದಿಯವನು. ಬಲಗೈಯಲ್ಲಿ ಎಸೆಯುವವನು ಎಸೆಯಲು ತಿರುಗಿದಾಗ ಅವನ ಬೆನ್ನು ಎಡಕ್ಕೆ ಬರುತ್ತದೆ. ಆ ಕಡೆಯಿಂದ ಏನು ಬಂದರೂ ಅವನಿಗೆ ಕಾಣುವುದಿಲ್ಲ. ಆ ಬೆನ್ನು ಕಾಯುವವನೇ ಲ್ಯಾಡ್.

ಶಾಲೆಯ ತಂಡದಲ್ಲಿ ಅವನ ಪಕ್ಕದಲ್ಲಿ ನಿಲ್ಲುತ್ತಿದ್ದವನು ನಾನು. ಆಗ ಕಾರ್ವರ್ಸ್ ಫೆರಿಯಲ್ಲಿ ಉಕ್ಕಿನ ಕಾರ್ಖಾನೆ ಇನ್ನೂ ಹೊಗೆ ಬಿಡುತ್ತಿತ್ತು. ನಮ್ಮ ಕೋಚ್ ಟೊಮಾಸೆಲ್ಲಿ ನವೆಂಬರಿನ ಹೆಪ್ಪುಗಟ್ಟಿದ ನೆಲದ ಮೇಲೆ ನಮ್ಮನ್ನು ಒಂದು ಕೈ ಊರಿ ಬಗ್ಗಿಸಿ ನಿಲ್ಲಿಸಿ, ಒಬ್ಬೊಬ್ಬರ ಬೆರಳನ್ನೂ ನೋಡುತ್ತ ನಡೆಯುತ್ತಿದ್ದರು.

"ಲೋ ಹ್ರಿಂಕೋ, ಗೆಣ್ಣು ಬೆಳ್ಳಗಾಗಿದೆ. ಮುಂದಕ್ಕೆ ನುಗ್ತೀನಿ ಅಂತ ಊರಿಗೆಲ್ಲ ಡಂಗುರ ಹೊಡೀತಿದೀಯಾ?"

ಮುಂದೆ ನುಗ್ಗುವವನ ಭಾರವೆಲ್ಲ ಬೆರಳಿಗೆ ಬಂದು ಗೆಣ್ಣು ಬಿಳಿಚಿಕೊಳ್ಳುತ್ತದೆ. ಹಿಂದೆ ಸರಿದು ತಡೆಯುವವನ ಭಾರ ಹಿಮ್ಮಡಿಗೆ ಹೋಗಿ ಗೆಣ್ಣು ಕೆಂಪಾಗಿಯೇ ಇರುತ್ತದೆ. ಎದುರಿನವನು ಜಾಣನಾದರೆ ಅಷ್ಟರಲ್ಲೇ ಆಟ ಓದಿಬಿಡುತ್ತಾನೆ. ಆಟ ಯಾವುದಿದ್ದರೂ ಬೆರಳಿನ ಮೇಲೆ ಒಂದೇ ಭಾರ ಇಡಲು ಲ್ಯಾಡ್ ಎರಡು ಚಳಿಗಾಲ ಕಲಿತ. ನಾನು ಕಲಿಯುವ ಮೊದಲೇ ಹತ್ತನೆಯ ತರಗತಿಗೆ ಶಾಲೆ ಬಿಟ್ಟು ಚಿಕ್ಕಪ್ಪನ ಗ್ಯಾರೇಜಿನಲ್ಲಿ ಕಾರಿನ ಸೈಲೆನ್ಸರ್ ಬದಲಿಸುವ ಕೆಲಸಕ್ಕೆ ಸೇರಿದೆ.

ಅವನು ಮುಂದೆ ಹೋದ. ಕಾಲೇಜು, ಆಮೇಲೆ ದೊಡ್ಡ ತಂಡ. ಮುನ್ನೂರು ಪೌಂಡಿಗಿಂತ ಕೆಳಗಿಳಿಯಬಾರದೆಂದು ತಂಡದವರ ಆಜ್ಞೆ. ರಜಕ್ಕೆ ಊರಿಗೆ ಬಂದಾಗ ಅವನಮ್ಮ ಆಲೂಗಡ್ಡೆ ತುಂಬಿದ ಪಿರೋಗಿ ಎಂಬ ಕಡುಬನ್ನು ಬೆಣ್ಣೆಯಲ್ಲಿ ಹೊರಳಿಸಿ ಮೂವತ್ತು ಮೂವತ್ತು ಬಡಿಸುತ್ತಿದ್ದರು. ಅವನು ಕಣ್ಣು ಮುಚ್ಚಿ ನುಂಗುತ್ತಿದ್ದ.

"ಹಸಿವಿಲ್ಲ ಕಣೋ ಎಮಿಲ್. ಇದೂ ಡ್ಯೂಟಿ," ಎನ್ನುತ್ತಿದ್ದ ನನಗೆ.

ಅವನ ಎರಡು ಕಿರುಬೆರಳುಗಳೂ ಮುರಿದು ಮುರಿದು ಹೊರಗೆ ತಿರುಗಿಕೊಂಡಿದ್ದವು. ಭುಜಕ್ಕೆ ಮೂರು ಸಲ ಕತ್ತರಿ ಬಿತ್ತು. ಪ್ರತಿ ಸೋಮವಾರ ಬೆಳಿಗ್ಗೆ ಗ್ಯಾರೇಜಿಗೆ ಫೋನ್ ಮಾಡುತ್ತಿದ್ದ. ಗೆದ್ದರೆಷ್ಟು, ಸೋತರೆಷ್ಟು, ಕೇಳುವುದು ಒಂದೇ ಮಾತು.

"ಬೆರಳು?"

"ಸರಿಯಾಗಿತ್ತು," ಎನ್ನುತ್ತಿದ್ದೆ. ಇಡೀ ಊರು ಟಿವಿಯಲ್ಲಿ ಚೆಂಡು ನೋಡುತ್ತಿದ್ದಾಗ ನಾನು ಅವನ ಗೆಣ್ಣು ನೋಡುತ್ತಿದ್ದೆ.

ಹನ್ನೊಂದನೆಯ ವರ್ಷ. ಅವನಿಗೆ ಮೂವತ್ತನಾಲ್ಕು, ಕರಾರಿನ ಕೊನೆಯ ತಿಂಗಳು. ಇನ್ನೊಂದು ವರ್ಷ ಆಡಿ, ತಾನಾಗಿಯೇ ಹೆಲ್ಮೆಟ್ ತೆಗೆದಿಟ್ಟು ಬರಬೇಕೆಂಬುದು ಅವನ ಆಸೆ. ತಂಡದ ಚೆಂಡು ಎಸೆಯುವವನು ಗ್ರೇಡಿ ವಿಲ್ಮಾಟ್ ಎಂಬ ಹುಡುಗ, ಇಪ್ಪತ್ತನಾಲ್ಕರವನು. ಜನವರಿಯ ಆ ಭಾನುವಾರ ಗೆದ್ದರೆ ಮುಂದೆ ಫೈನಲ್. ನಾವೆಲ್ಲ ಟೆಸ್ಸಳ ಬಾರಿನಲ್ಲಿ ಒತ್ತಿಕೊಂಡು ಕೂತಿದ್ದೆವು. ಲ್ಯಾಡ್‌ನ ಕಣಕಾಲು ಊದಿಕೊಂಡಿದೆಯೆಂದು ನನಗೊಬ್ಬನಿಗೆ ಗೊತ್ತಿತ್ತು.

ಮೂರು ಪಾಯಿಂಟ್ ಹಿಂದೆ, ಉಳಿದದ್ದು ಅರ್ಧ ನಿಮಿಷ. ಸಾಲು ಬಗ್ಗಿತು. ಅವನ ಗೆಣ್ಣು ಕೆಂಪಗಿತ್ತು. ನೋಯುವ ಕಾಲು ಭಾರವನ್ನು ಮುಂದೆ ಹೋಗಲು ಬಿಟ್ಟಿರಲಿಲ್ಲ.

"ಬೆರಳೋ ಲ್ಯಾಡ್," ಎಂದು ಟಿವಿಗೆ ಹೇಳಿದೆ.

ನಾನು ನೋಡಿದ್ದನ್ನು ಎದುರಿನವನೂ ನೋಡಿದ. ಚೆಂಡು ಅಲುಗಿದ ಕ್ಷಣಕ್ಕೇ ಹೊರಗಿನಿಂದ ಸುತ್ತಿ ಲ್ಯಾಡ್‌ನನ್ನು ದಾಟಿಬಿಟ್ಟ. ಲ್ಯಾಡ್ ಹಿಂದಿನಿಂದ ಕೈ ಹಾಕಿ ಅವನ ಅಂಗಿ ಹಿಡಿದು ನೆಲಕ್ಕೆ ಕೆಡವಿದ. ವಿಲ್ಮಾಟ್ ಎಸೆದ. ಚೆಂಡು ಕೊನೆಯ ಗೆರೆ ದಾಟಿ ನಮ್ಮವನ ಕೈ ಸೇರಿತು. ಬಾರಿನಲ್ಲಿ ಜನ ಮೇಜು ಹತ್ತಿದರು. ಆಮೇಲೆ ಹಳದಿ ಬಟ್ಟೆ ಕಂಡಿತು. ಟಿವಿಯವನು ಹೆಸರು ಹೇಳಿದ. ಗೆಲುವು ರದ್ದಾಯಿತು. ನಾವು ಸೋತೆವು.

ಮಾರ್ಚಿನಲ್ಲಿ ತಂಡ ಫೋನಿನಲ್ಲೇ ಅವನನ್ನು ಕೈಬಿಟ್ಟಿತು. ಚೆಂಡು ಎಸೆಯುವವನು ತನ್ನನ್ನು ಕಾಯ್ದ ಐವರಿಗೆ ಆಟದ ಋತು ಮುಗಿದಾಗ ಏನಾದರೂ ಕೊಡುವುದು ರೂಢಿ. ವಿಲ್ಮಾಟ್ ಆ ವರ್ಷ ಚರ್ಮದ ಬೂಟು ಹೊಲಿಸಿ ಕಳಿಸಿದ. ನಾಲ್ಕು ಜೊತೆ.

"ನನ್ನ ಸೈಜ್ ಸಿಕ್ಕಿರಲ್ಲ ಬಿಡು," ಎಂದ ಲ್ಯಾಡ್.

ಆ ಬೇಸಿಗೆ ಅವನ ಟ್ರಕ್ಕಿನ ಅಡಿಯಲ್ಲಿ ಮಲಗಿ ಪೈಪು ಬಿಚ್ಚುತ್ತ ಕೇಳಿಯೇಬಿಟ್ಟೆ. "ಯಾಕೋ ಹಿಡಿದೆ? ಬಿಟ್ಟಿದ್ರೆ ಏನಾಗ್ತಿತ್ತು? ಒಂದ್ಸಲ ಬಿದ್ದೇಳ್ತಿದ್ದ. ಎದ್ದು ಇನ್ನೊಂದ್ಸಲ ಎಸೀತಿದ್ದ."

ಅಡಿಯಿಂದ ನನಗೆ ಕಾಣುತ್ತಿದ್ದ ಅವನ ಬೂಟುಗಳು ಹತ್ತಿರ ಬಂದವು.

"ಎಡಗಾಲು ಊರಿಬಿಟ್ಟಿದ್ದ ಆ ಹುಡುಗ. ಭಾರವೆಲ್ಲ ಅದರ ಮೇಲೆ. ನುಗ್ಗಿ ಬರ್ತಿದ್ದೋನು ಕೆಳಗೆ ಬಗ್ಗಿ ಮೊಣಕಾಲಿಗೇ ಬೀಳ್ತಿದ್ದ. ಆ ಕಾಲು ಮತ್ತೆ ಕಾಲಾಗ್ತಿರಲಿಲ್ಲ ಎಮಿಲ್."

"ಅದನ್ನ ಹೇಳೋ ಮತ್ತೆ. ಊರೆಲ್ಲ ಉಗೀತಿದೆ."

"ಬೆರಳಲ್ಲಿ ಆಟ ತೋರಿಸಿಕೊಟ್ಟೋನು ನಾನು. ಬೆನ್ನು ಕಾಯೋಕೆ ಸಂಬಳ ಕೊಟ್ರು, ಕಾಯ್ದೆ. ನೀನೂ ಬಾಯಿ ಬಿಡಬೇಡ."

ಬಾಯಿ ಬಿಡದೆ ಇರುವುದು ನನ್ನ ಜಾಯಮಾನವಲ್ಲ. ಆದರೂ ಬಿಡಲಿಲ್ಲ. ಲ್ಯಾಡ್ ಶಾಲೆಯ ಬಸ್ ಓಡಿಸಿದ. ಮೈ ಇಳಿದು ಅರ್ಧವಾಯಿತು, ಸೊಂಟಕ್ಕೆ ಕಬ್ಬಿಣ ಕೂರಿಸಿದರು. ಅಂಗಡಿಯಲ್ಲಿ ಬ್ರೆಡ್ಡಿಗೆ ಕೈ ಹಾಕಿದರೆ ಸಾಕು, "ಮೆಲ್ಲಗೆ ಹ್ರಿಂಕೋ, ಎಳೀಬೇಡ, ಬಟ್ಟೆ ಬೀಳತ್ತೆ," ಎಂದು ಯಾರಾದರೂ ನಗುತ್ತಿದ್ದರು. ಅವನೂ ನಗುತ್ತಿದ್ದ. ಅವನ ಹೆಂಡತಿ ರೋಮೇನ್ ನಗುತ್ತಿರಲಿಲ್ಲ. ಈ ವಿಷಯಕ್ಕೆ ನಾನು ಇಬ್ಬರ ಮೂಗು ಒಡೆದಿದ್ದೇನೆ. ಅದರಿಂದ ಲ್ಯಾಡ್‌ಗೆ ಏನೂ ಉಪಯೋಗವಾಗಲಿಲ್ಲ.

ವಿಲ್ಮಾಟ್ ಅದೇ ಮೊಣಕಾಲಿನ ಮೇಲೆ ಇನ್ನೂ ಒಂಬತ್ತು ವರ್ಷ ಆಡಿದ. ಕಪ್ ಕೂಡ ಗೆದ್ದ.

ಹೋದ ಫೆಬ್ರವರಿಯಲ್ಲಿ ಪಕ್ಕದ ಪಟ್ಟಣದ ಕಾರ್ ಶೋರೂಮ್ ಉದ್ಘಾಟನೆಗೆ ಅವನು ಬಂದ. ಜನ ಚೆಂಡು ಹಿಡಿದು ಸಹಿಗೆ ಸಾಲು ನಿಂತಿದ್ದರು. ನಾನೂ ನಿಂತೆ, ಬರಿಗೈಯಲ್ಲಿ.

"ಯಾವುದರ ಮೇಲೆ ಹಾಕ್ಲಿ ಯಜಮಾನ್ರೆ?" ಎಂದ.

"ಸಹಿ ಬೇಡ ಸಾಹೇಬ್ರೆ. ಎಡ ಮೊಣಕಾಲು ಹೇಗಿದೆ ಅಂತ ಕೇಳೋಕೆ ಬಂದೆ." ಉಳಿದದ್ದನ್ನೂ ಹೇಳಿದೆ. ಒಂದು ಮಾತೂ ಬಿಡದೆ ಹೇಳಿದೆ.

ಅವನ ಪೆನ್ನು ನಿಂತುಹೋಯಿತು. "ನನಗೆ ಗೊತ್ತೇ ಇರಲಿಲ್ಲ," ಎಂದ. "ನನ್ನ ಕಣ್ಣು ಚೆಂಡಿನ ಹಿಂದಿತ್ತು. ಅವನು ಗಾಬರಿಯಾಗಿ ಹಿಡಿದ ಅಂದ್ಕೊಂಡಿದ್ದೆ."

ಸುಳ್ಳೆಂದು ಬೈಯಲು ಹೋದವನು ಬೈಯಲಿಲ್ಲ. ಬೆನ್ನಿನ ಹಿಂದೆ ಆದದ್ದು ಬೆನ್ನಿಗೆ ಹೇಗೆ ತಿಳಿಯಬೇಕು.

ಈಸ್ಟರಿಗೆ ಮುಂಚಿನ ಶುಕ್ರವಾರಗಳಲ್ಲಿ ನಾವು ಮಾಂಸ ತಿನ್ನುವುದಿಲ್ಲ. ಫೈರ್ ಸ್ಟೇಷನ್ನಿನ ಸಭಾಂಗಣದಲ್ಲಿ ಮೀನು ಕರಿಯುತ್ತಾರೆ, ಬಾಗಿಲಿನಾಚೆಗೂ ಸಾಲು ಇರುತ್ತದೆ. ಮೀನು ಬಡಿಸುವವನು ಲ್ಯಾಡ್, ಪಕ್ಕದಲ್ಲಿ ಕೋಸಿನ ಪಲ್ಯ ಹಾಕುವವಳು ರೋಮೇನ್. ಎರಡನೆಯ ಶುಕ್ರವಾರ ನನ್ನ ಮುಂದೆ ಕಾಗದದ ತಟ್ಟೆ ಹಿಡಿದು ವಿಲ್ಮಾಟ್ ನಿಂತಿದ್ದ. ಸಾಲಿನವರು ಕತ್ತು ಚಾಚಿ ನೋಡಿದರು.

"ಓ, ಗ್ರೇಡಿ," ಎಂದ ಲ್ಯಾಡ್. "ಎರಡಾ, ಮೂರಾ?"

"ಲ್ಯಾಡ್, ಎಮಿಲ್ ಎಲ್ಲಾ ಹೇಳಿದ. ಆವತ್ತು ನೀನು..."

ಲ್ಯಾಡ್ ನನ್ನ ಕಡೆ ನೋಡಿದ. "ಅವನ ಬಾಯಿಗೆ ನಾನೇ ಒಂದು ಸೈಲೆನ್ಸರ್ ಹಾಕ್ಬೇಕು."

"ನಿನಗೆ ಇಷ್ಟು ವರ್ಷ ಹೇಳಬೇಕಾಗಿದ್ದು..."

"ಹಿಂದೆ ನಲವತ್ತು ಜನ ಕಾಯ್ತಿದಾರೆ ಮಾರಾಯ. ಮೀನು ಆರತ್ತೆ." ಮೂರು ತುಂಡು ಹಾಕಿದ. "ಮೊಣಕಾಲು ಹೇಗಿದೆ?"

"ಚೆನ್ನಾಗಿದೆ."

"ಸರಿ. ಮುಂದೆ ನಡಿ."

ವಿಲ್ಮಾಟ್ ಮೂಲೆಯ ಮೇಜಿನಲ್ಲಿ ಒಬ್ಬನೇ ಕೂತು ಮೂರು ತುಂಡನ್ನೂ ತಿಂದ. ಮತ್ತೆ ಬರಲು ಎರಡು ಸಲ ಎದ್ದ, ಎರಡು ಸಲವೂ ಸಾಲು ಉದ್ದವಿತ್ತು. ಹೋಗುವಾಗ ಬಾಗಿಲಲ್ಲಿ ಕೈ ಎತ್ತಿದ. ಲ್ಯಾಡ್ ಬಾಣಲೆಯ ಕಡೆ ತಿರುಗಿದ್ದ.

ಅವನ ಹಿಂದಿನ ಸರದಿ ನನ್ನದಾಗಿತ್ತಲ್ಲ. ನಾನೂ ತಟ್ಟೆ ಚಾಚಿ ನಿಂತಾಗ, ಇಲ್ಲಿಯವರೆಗೆ ಬರೆಯದೆ ಬಿಟ್ಟ ಮಾತು ಬಾಯಿಗೆ ಬಂತು. ಆ ಭಾನುವಾರ ಟೆಸ್ಸಳ ಬಾರಿನಲ್ಲಿ ಟಿವಿಗೆ ಮಗ್ಗು ಎಸೆದು, ಲ್ಯಾಡ್‌ನ ಹೆತ್ತವಳನ್ನೂ ಸೇರಿಸಿ ಮೊಟ್ಟಮೊದಲು ಉಗಿದವನು ನಾನೇ.

"ಲ್ಯಾಡ್, ಆವತ್ತು ಬಾರಲ್ಲಿ ನಾನೂ..."

"ಗೊತ್ತು. ಟೆಸ್ ಆವತ್ತೇ ಫೋನ್ ಮಾಡಿದ್ಲು," ಎಂದ. "ಎರಡಾ, ಮೂರಾ?"

ಹತ್ತೊಂಬತ್ತು ವರ್ಷ ಗೊತ್ತಿದ್ದೂ ಅವನು ನನ್ನ ಗ್ಯಾರೇಜಿಗೇ ಟ್ರಕ್ ತರುತ್ತಿದ್ದ. ನಾನು ಎರಡು ಎಂದೆ. ಇಕ್ಕಳ ಹಿಡಿದ ಅವನ ಗೆಣ್ಣುಗಳು ಬೆಳ್ಳಗಾಗಿದ್ದವು; ಮೀನೆತ್ತಲು ಅಷ್ಟು ಬಿಗಿ ಹಿಡಿತ ಬೇಕಿರಲಿಲ್ಲ. ನೋಡಿದೆ, ಹೇಳಲಿಲ್ಲ. ತಟ್ಟೆ ತೆಗೆದುಕೊಂಡು ಮುಂದೆ ನಡೆದೆ. ಕ್ಷಮೆ ಕೇಳುವ ಆ ಮಾತು ಇನ್ನೂ ನನ್ನ ಹತ್ತಿರವೇ ಇದೆ.