ಟೆಸ್ಟರಣ್ಣ ಮತ್ತು ಷಡ್ಡಕನ ಏಣಿ

ಅಂಗಿಯ ಜೇಬಿನಲ್ಲಿ ಪೆನ್ನಿಲ್ಲದ ದಿನವಿದ್ದೀತು, ಟೆಸ್ಟರ್ ಇಲ್ಲದ ದಿನವಿಲ್ಲ. ಹಾಗಾಗಿ ಬಾಡಿಗೆ ಮನೆಗಳವರೆಲ್ಲ ಅವನನ್ನು ಟೆಸ್ಟರಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ವೈರಿಂಗ್ ಮಾಡಿ ಪಳಗಿದ ಕೈ. ಬಾಡಿಗೆಗೆ ಕೊಡುವ ಪ್ರತಿ ಮನೆಯಲ್ಲೂ ಹೊಗೆ ಅಲಾರಂ ಇರಬೇಕು, ಕರೆಂಟ್ ಸೋರಿದರೆ ತಾನೇ ಬೀಳುವ ಟ್ರಿಪ್ ಸ್ವಿಚ್ ಇರಬೇಕು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ವರ್ಷಕ್ಕೊಮ್ಮೆ ಎಲ್ಲವನ್ನೂ ನೋಡಿ ರುಜು ಹಾಕಬೇಕು ಎಂಬ ನಿಯಮ ಬಂದ ಮೇಲಂತೂ ಅವನ ಗತ್ತೇ ಬೇರೆಯಾಯಿತು. ಅರವತ್ತು ಮನೆಗಳ ಒಂದು ದೊಡ್ಡ ಕಟ್ಟಡ ಹತ್ತು ವರ್ಷದಿಂದ ಅವನದೇ ಆಗಿತ್ತು. ಕಾಗದದ ಮೇಲೆ ಅವನದಲ್ಲ, ನಿಜ; ಆದರೆ ಮೆಟ್ಟಿಲು ಹತ್ತುವಾಗ ಅವನಿಗೆ ಹಾಗನ್ನಿಸುತ್ತಿತ್ತು.

ಆ ಸುಖಕ್ಕೆ ಕಲ್ಲು ಹಾಕಿದವನು ಷಡ್ಡಕ, ಹೆಂಡತಿಯ ತಂಗಿಯ ಗಂಡ. ಫ್ಯಾನು, ಮಿಕ್ಸಿ ರಿಪೇರಿ ಮಾಡಿಕೊಂಡು ತನ್ನ ಪಾಡಿಗೆ ತಾನಿದ್ದ ಮನುಷ್ಯ ಒಂದು ದಿನ ಲೈಸೆನ್ಸಿನ ಪರೀಕ್ಷೆ ಬರೆದ, ಮೊದಲ ಸಲಕ್ಕೇ ಪಾಸಾದ. ಟೆಸ್ಟರಣ್ಣ ಪಾಸಾಗಿದ್ದು ಮೂರನೆಯ ಸಲಕ್ಕೆ. ಅದು ಹೆಂಡತಿಗೆ ಗೊತ್ತಿತ್ತು. ಹೆಂಡತಿಗೆ ಗೊತ್ತಿದ್ದದ್ದು ನಾದಿನಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಈ ವರ್ಷ ಕಟ್ಟಡದ ಮ್ಯಾನೇಜರಮ್ಮ ಎಡಗಡೆಯ ಮೂವತ್ತು ಮನೆಗಳನ್ನು ಷಡ್ಡಕನಿಗೆ ಕೊಟ್ಟು, ಬಲಗಡೆಯ ಮೂವತ್ತನ್ನು ಇವನಿಗೆ ಉಳಿಸಿದಳು. “ಮುಂದಿನ ವರ್ಷದಿಂದ ಪೂರ್ತಿ ಒಬ್ಬರಿಗೇ ಕೊಡೋದು. ಯಾರ ಕೆಲಸ ಹೇಗಿದೆ ಅಂತ ನೋಡ್ತೀನಿ,” ಎಂದಳು. ಅಂದಿನಿಂದ ಟೆಸ್ಟರಣ್ಣನಿಗೆ ಉಂಡದ್ದು ಮೈಗೆ ಹತ್ತಲಿಲ್ಲ.

ಹೊಟ್ಟೆಕಿಚ್ಚಿಗೆ ಕಾರಣ ಹುಡುಕಬೇಕಾಗಿಲ್ಲ, ಕಂಡದ್ದೆಲ್ಲ ಕಾರಣವೇ. ಷಡ್ಡಕನ ಅಂಗಿಗೆ ಮಸಿ ಹತ್ತುತ್ತಿರಲಿಲ್ಲ. ಮೊದಲ ಸಲ ಹೋದ ಮನೆಯಲ್ಲೇ ಅವನಿಗೆ ಕಾಫಿ ಸಿಗುತ್ತಿತ್ತು. ನಲವತ್ತೈದಾದರೂ ತಲೆತುಂಬ ಕೂದಲು. ಎಲ್ಲಕ್ಕಿಂತ ಹೆಚ್ಚಾಗಿ ಅವನ ಏಣಿ: ಅಲ್ಯುಮಿನಿಯಂನದ್ದು, ಮಡಚಿದರೆ ಛತ್ರಿಯಂತೆ ಕಂಕುಳಲ್ಲಿ ಇಟ್ಟುಕೊಳ್ಳಬಹುದು. ಟೆಸ್ಟರಣ್ಣನ ಮರದ ಏಣಿ ಮೊಣಕಾಲು ನೋವು ಶುರುವಾದಾಗಲೇ ಮೂಲೆ ಸೇರಿತ್ತು. ಅವನು ಒಂದು ಪೊರಕೆಯ ಕೋಲಿನ ತುದಿಗೆ ರಬ್ಬರ್ ಕಟ್ಟಿಕೊಂಡಿದ್ದ. ನೆಲದ ಮೇಲೆ ನಿಂತೇ ಅಲಾರಂನ ಬಟನ್ ಒತ್ತುವುದು, ಅದು ಕಿರುಚಿದರೆ ರುಜು ಹಾಕುವುದು. ಷಡ್ಡಕನಾದರೋ ಪ್ರತಿ ಮನೆಯಲ್ಲೂ ಏಣಿ ಹತ್ತಿ, ಡಬ್ಬಿಯಿಂದ ಪರೀಕ್ಷೆಯ ಹೊಗೆ ಬಿಟ್ಟು, ಕೂಗುವ ತನಕ ಕಾಯುತ್ತಿದ್ದ.

“ಬಟನ್ ಒತ್ತಿದ್ರೆ ಕೂಗೋದಕ್ಕೆ ಹೊಗೆ ಬೇರೆ ಕೇಡು! ಸೋಗಲಾಡಿ,” ಎಂದು ಟೆಸ್ಟರಣ್ಣ ಹೆಂಡತಿಯ ಮುಂದೆ ಹಂಗಿಸುತ್ತಿದ್ದ.

ಆ ತಿಂಗಳಲ್ಲಿ ಷಡ್ಡಕ ಮೂರು ಸಲ ಮನೆಗೆ ಬಂದ. ಮೊದಲ ಸಲ ಟೆಸ್ಟರಣ್ಣ ಸ್ನಾನದ ಮನೆ ಹೊಕ್ಕವನು ಒಂದು ಗಂಟೆ ಹೊರಗೆ ಬರಲಿಲ್ಲ. ಎರಡನೆಯ ಸಲ ಹಾಲು ತರುತ್ತೇನೆಂದು ಹೋದ. ಮನೆಯಲ್ಲಿ ಹಾಲು ಬೇಕಾದಷ್ಟಿತ್ತು. ಮೂರನೆಯ ಸಲ “ಅಣ್ಣ, ಕಟ್ಟಡದ್ದೊಂದು ಮಾತು…” ಎಂದು ಅವನು ಬಾಯಿ ತೆಗೆಯುತ್ತಲೇ, “ಕೆಲಸದ ಮಾತು ಮನೇಲಿ ಬೇಡಪ್ಪ,” ಎಂದು ಟೀವಿಯ ಸದ್ದು ಜೋರು ಮಾಡಿದ. ಗೆದ್ದವನು ಜಂಬ ಕೊಚ್ಚಿಕೊಳ್ಳಲು ಬಂದಿದ್ದಾನೆ ಎಂದೇ ಅವನ ಎಣಿಕೆ.

ಮರುದಿನ ಬೆಳಿಗ್ಗೆ ಎಡಗಡೆಯ ಎರಡನೆಯ ಮಹಡಿಯಿಂದ ಟೈಲರಮ್ಮನ ಫೋನು ಬಂತು. ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಮನೆಯಲ್ಲೇ ಹೊಲಿಯುವ ಹೆಂಗಸು.

“ಟೆಸ್ಟರಣ್ಣ, ಆ ಹೊಸಬರು ಏನು ಮಾಡಿಟ್ಟು ಹೋದ್ರೋ. ಬ್ರೆಡ್ ಸ್ವಲ್ಪ ಕರ್ರಗಾದ್ರೆ ಸಾಕು, ಅಲಾರಂ ಬಡ್ಕೊಳ್ಳುತ್ತೆ. ನಿಮ್ಮ ಕಾಲದಲ್ಲಿ ಮೂರು ವರ್ಷ ಒಂದು ಸಲಾನೂ ತೊಂದರೆ ಕೊಡಲಿಲ್ಲ.”

ಮೊಣಕಾಲು ನೋವನ್ನೂ ಮರೆತು ಟೆಸ್ಟರಣ್ಣ ಎರಡೆರಡು ಮೆಟ್ಟಿಲು ಹತ್ತಿದ. ಕೊನೆಗೂ ಸಿಕ್ಕಿಬಿದ್ದ ಮಗ! ಮ್ಯಾನೇಜರಮ್ಮನ ಮುಂದೆ ಹೇಳಬೇಕಾದ ಮಾತನ್ನು ದಾರಿಯಲ್ಲೇ ಹೊಂದಿಸಿಕೊಂಡ: ‘ಹುಡುಗಾಟದ ಕೆಲಸ ಅಮ್ಮ, ನನ್ನ ಕಡೆಯವನೇ ಆದರೂ ಹೇಳದೆ ವಿಧಿಯಿಲ್ಲ.’

ಟೈಲರಮ್ಮನ ಮನೆಯೆಂದರೆ ಒಂದೇ ಕೋಣೆ, ಒಂದು ಅಡುಗೆ ಮೂಲೆ. ಹೊಲಿಗೆ ಯಂತ್ರ, ಇಸ್ತ್ರಿ ಪೆಟ್ಟಿಗೆ, ಬಟ್ಟೆಯ ಗುಡ್ಡೆ, ಅದರ ಪಕ್ಕದಲ್ಲೇ ಮಕ್ಕಳ ಹಾಸಿಗೆ. ಚಾವಣಿಯಲ್ಲಿ ಅಲಾರಂ.

“ಅವನು ಏನು ಮಾಡಿದ, ಸರಿಯಾಗಿ ಹೇಳಿ.”

“ಹೊಗೆ ಬಿಟ್ರು, ಕೂಗಲಿಲ್ಲ. ಆಮೇಲೆ ಅದರ ಮೇಲಿದ್ದ ಮುಚ್ಚಳ ಕಿತ್ತು ಮತ್ತೆ ಬಿಟ್ರು, ಕೂಗ್ತು. ಮುಚ್ಚಳ ನಾನೇ ಇಟ್ಕೊಂಡೆ, ಗುಂಡಿ ಹಾಕೋಕೆ ಚೆನ್ನಾಗಿದೆ.”

ಆಕೆ ತೋರಿಸಿದ್ದು ಬಟ್ಟಲಿನಷ್ಟು ಅಗಲದ, ತೆಳುವಾದ ಪ್ಲಾಸ್ಟಿಕ್ ಮುಚ್ಚಳ. ಹೊರಗೆ ಚಾವಣಿಯದೇ ಬಿಳಿ ಬಣ್ಣ. ಗುಂಡಿಗಳನ್ನು ಸರಿಸಿದರೆ ಒಳಗೆ ಅಚ್ಚ ಕಿತ್ತಳೆ ಬಣ್ಣ, ಅದರ ಮೇಲೆ ಕಪ್ಪು ಮಾರ್ಕರಿನಲ್ಲಿ ಮನೆಯ ನಂಬರು. ಆ ಬಾಲ ಎಳೆದ ಏಳು ಯಾರ ಏಳು ಎಂದು ಅವನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ.

ಮೂರು ವರ್ಷದ ಹಿಂದೆ ಕಟ್ಟಡಕ್ಕೆಲ್ಲ ಬಣ್ಣ ಹೊಡೆಸಿದ್ದರು. ಧೂಳು, ಬಣ್ಣ ಒಳಗೆ ಹೋಗದಿರಲೆಂದು ಅರವತ್ತು ಅಲಾರಂಗಳಿಗೂ ಮುಚ್ಚಳ ಹಾಕಿದವನು ಅವನೇ, ಆಮೇಲೆ ತೆಗೆದವನೂ ಅವನೇ. ಕೆಲವು ಮನೆಗಳಲ್ಲಿ ಬಣ್ಣದವರು ಮುಚ್ಚಳಕ್ಕೂ ಬಳಿದುಬಿಟ್ಟಿದ್ದರು. ಕೆಳಗಿನಿಂದ ನೋಡಿದರೆ ಎಲ್ಲವೂ ಬಿಳಿ; ತೆಗೆಯುವಾಗ ಅವು ಅವನ ಕಣ್ಣಿಗೆ ಬೀಳದೆ ಉಳಿದುಹೋಗಿದ್ದವು. ಕೋಲಿನಿಂದ ಒತ್ತಿದರೆ ತೆಳು ಮುಚ್ಚಳದಡಿಯ ಬಟನ್ ಒತ್ತಿಕೊಂಡು ಅಲಾರಂ ಕಿರುಚುತ್ತಿತ್ತು. ಹೊಗೆ ಮಾತ್ರ ಒಳಗೆ ಹೋಗುವಂತಿರಲಿಲ್ಲ. ಮೂರು ವರ್ಷ ಈ ಹಾಸಿಗೆಯ ಮೇಲೆ ಮಲಗಿದ ಮಕ್ಕಳಿಗೆ ಕಾವಲಾಗಿ ಇದ್ದದ್ದು ಅವನ ರುಜುವೊಂದೇ.

“ಮುಂಚೆ ಬರ್ತಿದ್ದವರ ಬಗ್ಗೆ ಏನಾದ್ರೂ ಅಂದನಾ?”

“ಅಂದ್ರಲ್ಲ. ‘ವೈರಿಂಗ್ ಬಹಳ ಗಟ್ಟಿಯಾಗಿದೆ, ಈಗ ಯಾರೂ ಹೀಗೆ ಮಾಡಲ್ಲ’ ಅಂದ್ರು.”

ಅವನು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಟೆಸ್ಟರಣ್ಣ ಮೆಟ್ಟಿಲ ಮೇಲೆ ಕೂತು ಷಡ್ಡಕನಿಗೆ ಫೋನು ಮಾಡಿದ.

“ನಿನ್ನ ಕಡೆ ಎಷ್ಟು ಮುಚ್ಚಳ ಸಿಕ್ತು?”

“ನಾಲ್ಕು, ಅಣ್ಣ. ನಿಮ್ಮ ಕಡೆನೂ ಇರಬಹುದು ಅಂತ ಹೇಳೋಕೇ ಮೂರು ಸಲ ಬಂದೆ. ನೀವು ಮಾತಿಗೇ ಸಿಗಲಿಲ್ಲ. ಇವತ್ತು ಸಂಜೆ ತನಕ ನೋಡಿ, ಆಮೇಲೆ ಮ್ಯಾನೇಜರಮ್ಮಂಗೆ ಹೇಳೋಣ ಅಂತಿದ್ದೆ. ಮಕ್ಕಳುಮರಿ ಇರೋ ಮನೆಗಳು, ಇನ್ನೂ ಕಾಯೋಕಾಗಲ್ಲ.”

ಬಲಗಡೆಯ ಮೂವತ್ತು ಮನೆಗಳಿಗೆ ಟೆಸ್ಟರಣ್ಣ ಕಳೆದ ವಾರವಷ್ಟೇ ಕೋಲಿನಿಂದ ಒತ್ತಿ ರುಜು ಹಾಕಿದ್ದ. ಅವನ್ನು ಮತ್ತೆ ತೆರೆಸಬೇಕಾದರೆ ಮ್ಯಾನೇಜರಮ್ಮನಿಗೆ ಕಾರಣ ಹೇಳಬೇಕು; ಕಾರಣ ಹೇಳಿದರೆ ಕಟ್ಟಡ ಹೋಯಿತೆಂದೇ ಲೆಕ್ಕ. ಅದೂ ಹೋಗುವುದು ಯಾರಿಗೆ?

“ನೀನು ಹೇಳಬೇಡ,” ಎಂದ. “ನಾನೇ ಹೇಳ್ತೀನಿ. ಏಣಿ ತಗೊಂಡು ಬಾ.”

ಮ್ಯಾನೇಜರಮ್ಮ ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. “ನೀವಾಗೇ ಬಂದು ಹೇಳಿದ್ದು ಒಳ್ಳೇದು. ಆದ್ರೆ ಮುಂದಿನ ವರ್ಷದ್ದು ಅವರಿಗೇ,” ಎಂದಳು. ಗೊತ್ತಿದ್ದ ಮಾತೇ. ಆದರೂ ಕಿವಿಗೆ ಕಾದ ಸೀಸ ಹೊಯ್ದಂತಾಯಿತು.

ಮಧ್ಯಾಹ್ನವೆಲ್ಲ ಇಬ್ಬರೂ ಬಲಗಡೆಯ ಮನೆಗಳನ್ನು ಹೊಕ್ಕು ಬಂದರು. ಷಡ್ಡಕ ಹತ್ತುತ್ತಿದ್ದ, ಟೆಸ್ಟರಣ್ಣ ಏಣಿ ಹಿಡಿಯುತ್ತಿದ್ದ. ಎರಡು ಮುಚ್ಚಳ ಸಿಕ್ಕವು. ಒಂದೊಂದು ಕಳಚಿದಾಗಲೂ ಟೆಸ್ಟರಣ್ಣನಿಗೆ ಎದೆ ಹಗುರಾಯಿತು, ಕಳಚಿದ ಕೈ ಯಾರದೆಂದು ನೋಡಿದಾಗ ಮತ್ತೆ ಭಾರವಾಯಿತು.

ಕೊನೆಯ ಮನೆಯಲ್ಲಿ, “ಇದಕ್ಕೆ ನಾನು ಹತ್ತುತ್ತೀನಿ,” ಎಂದ.

“ಮೊಣಕಾಲು, ಅಣ್ಣ…”

“ಹಿಡ್ಕೊ.”

ಏಣಿ ಒಂದಿಷ್ಟೂ ಅಲುಗಲಿಲ್ಲ. ಹಾಳಾದ್ದು, ಅಷ್ಟು ಒಳ್ಳೆಯ ಏಣಿ. ಮೇಲೆ ಇನ್ನೊಂದು ಬಿಳಿ ಮುಚ್ಚಳವಿತ್ತು, ಮೂರನೆಯದು. ಉಗುರಿನಿಂದ ಎಬ್ಬಿಸಿ ಕಿತ್ತು, ಹೊಗೆ ಬಿಟ್ಟ. ಅಲಾರಂ ಮನೆ ಹಾರಿಹೋಗುವಂತೆ ಕಿರುಚಿತು. ಆ ಮನೆಯ ಮಗು ಕಿವಿ ಮುಚ್ಚಿಕೊಂಡು ನಕ್ಕಿತು. ಟೆಸ್ಟರಣ್ಣ ಕೆಳಗೆ ನೋಡಿದ. ಎರಡೂ ಕೈಯಲ್ಲಿ ಏಣಿಯನ್ನು ಭದ್ರವಾಗಿ ಹಿಡಿದು ನಿಂತಿದ್ದ ಷಡ್ಡಕನ ನಡುನೆತ್ತಿಯಲ್ಲಿ, ತುಂಬುಗೂದಲಿನ ನಡುವೆ, ಅಂಗೈಯಗಲ ಬೋಳು ಬಿದ್ದಿತ್ತು. ನೆಲದ ಮೇಲೆ ನಿಂತವರಿಗೆ ಅದು ಕಾಣುವಂತಿರಲಿಲ್ಲ.

“ಸರಿಯಾಯ್ತಾ ಅಣ್ಣ? ಇಳೀತೀರಾ?”

“ಇರು, ಸ್ವಲ್ಪ ಹೊತ್ತು ಹಿಡ್ಕೊಂಡಿರು,” ಎಂದ ಟೆಸ್ಟರಣ್ಣ.