ಸ್ಟೇರಿಂಗನ್ನು ಬಲಕ್ಕೆ ತಂದದ್ದು

ನನ್ನ ಮಾವ ಬಹಳ ವರ್ಷ ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಬಾಡಿಗೆ ಜೀಪು ಓಡಿಸಿದವರು. ಮೊಣಕಾಲು ನೋವು ಜಾಸ್ತಿಯಾಗಿ ಬ್ರೇಕ್ ಒತ್ತುವುದೇ ಕಷ್ಟವಾದಾಗ ಅದನ್ನು ಮಾರಿಬಿಟ್ಟರು. ಆಮೇಲೆ ಪ್ರತಿ ವರ್ಷ ದಸರೆಯ ಖಂಡೇಪೂಜೆಗೆ ನನ್ನ ಸ್ಕೂಟರನ್ನೇ ತೊಳೆದು ಒರೆಸಿ ಹೂವಿನ ಹಾರ ಹಾಕುತ್ತಿದ್ದರು. ಶ್ರದ್ಧೆಗೇನೂ ಕಡಿಮೆಯಿರಲಿಲ್ಲ. ಆದರೆ ಜೀಪಿಗೆ ಕಟ್ಟುವಷ್ಟು ಉದ್ದದ ಹಾರ ತಂದು, ಸ್ಕೂಟರಿಗೆ ಸುತ್ತಿ ಸುತ್ತಿ ಹಾಕುತ್ತಿದ್ದರು.

ಹೋದ ದಸರೆ ಹತ್ತಿರ ಬಂದಾಗ ಫೋನಿನಲ್ಲಿ ಪ್ಲಾಸ್ಟಿಕ್ ಜೀಪೊಂದು ಕಣ್ಣಿಗೆ ಬಿತ್ತು. ಹೆಚ್ಚುಕಡಿಮೆ ಮಾವನ ಜೀಪೇ. ಅಲಮಾರಿಯಲ್ಲಿ ಇಡುವ ಆಟಿಕೆ ಅಂದುಕೊಂಡು ತರಿಸಿದೆ. ನಾನು ಕೆಲಸ ಮಾಡುವ ಲಿಂಗಸುಗೂರಿನ ಆಫೀಸಿಗೆ ಪಾರ್ಸೆಲ್ ಬಂತು. ಬ್ಯಾಗಿನಲ್ಲಿ ಮುಚ್ಚಿಟ್ಟುಕೊಂಡು ಬಸ್ಸಿನಲ್ಲಿ ಮಸ್ಕಿಯ ಮನೆಗೆ ತಂದೆ. ಮಾವ ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ ಹೋಗಿದ್ದರು. ನಾನೂ ಅತ್ತೆಯೂ ಅಡುಗೆಮನೆಯಲ್ಲಿ ಕೂತು ಡಬ್ಬ ಬಿಚ್ಚಿದೆವು.

ಒಳಗೆ ಜೀಪೇ ಇರಲಿಲ್ಲ. ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡ ಬರೀ ತುಂಡುಗಳು. ಕೆಲವಂತೂ ಜೀರಿಗೆಗಿಂತ ತುಸು ದೊಡ್ಡವು. ಜೊತೆಗೆ ಒಂದು ಸಣ್ಣ ಅಂಟಿನ ಬಾಟಲಿ, ಜೋಡಿಸುವ ಬಗೆ ತೋರಿಸುವ, ಓದಲು ಬಾರದ ಲಿಪಿಯ ಒಂದು ಚಿತ್ರದ ಹಾಳೆ. ಅತ್ತೆ ಒಂದು ಚೌಕಟ್ಟನ್ನು ಬೆಳಕಿಗೆ ಹಿಡಿದು ನೋಡಿದರು.

"ಯವ್ವಾ, ನೀ ಜೀಪ್ ತಂದಿಲ್ಲ. ಗುಜರಿ ತಂದೀ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ವಾಪಸ್ ಕಳಿಸುವ ಮಾತನ್ನು ನಾನೂ ಆಡಲಿಲ್ಲ, ಅವರೂ ಆಡಲಿಲ್ಲ. ಮಾವ ಅಡುಗೆಮನೆಗೆ ಬರುವುದೇ ಅಪರೂಪ. ಹಾಗಾಗಿ ಅಂದಿನಿಂದ ಅದೇ ನಮ್ಮ ಗ್ಯಾರೇಜ್ ಆಯಿತು. ಅವರ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಎಂಜಿನ್, ಸೀಟು, ಗಾಲಿ ಎಲ್ಲವೂ ಕಡಲೆಹಿಟ್ಟಿನ ಖಾಲಿ ಡಬ್ಬಿಗೆ ಹೋಗುತ್ತಿದ್ದವು. ಅತ್ತೆ ಮುಚ್ಚಳ ಹಾಕಿ ಅದರ ಮೇಲೆ ಕೈಯಿಟ್ಟು, ಏನೂ ಆಗಿಲ್ಲವೆಂಬ ಮುಖ ಮಾಡಿ ನಿಲ್ಲುತ್ತಿದ್ದರು. ಆ ಮುಖ ನೋಡಿ ನಾನು ಹಿತ್ತಲಿಗೆ ಓಡಿಹೋಗಿ ನಗಬೇಕಾಗುತ್ತಿತ್ತು.

ಒಂದು ದಿನ ಅಂಟಿನ ವಾಸನೆ ನಡುಮನೆಗೂ ಹಬ್ಬಿತು. ಏನೋ ಸುಡುತ್ತಿದೆ ಎಂದು ಮಾವ ಅಲ್ಲಿಂದಲೇ ಕೂಗಿದರು. ಮಿಕ್ಸಿ ಸುಟ್ಟಿದೆ ಎಂದು ಅತ್ತೆ ಥಟ್ಟನೆ ಹೇಳಿಬಿಟ್ಟರು. ಮಾವ ಪಾಪ, ಒಳ್ಳೆಯವರು. ತಕ್ಷಣ ಮಿಕ್ಸಿಯನ್ನು ಚೀಲದಲ್ಲಿ ಹಾಕಿಕೊಂಡು ರಿಪೇರಿಗೆ ಹೊರಟೇಬಿಟ್ಟರು. ರಿಪೇರಿಯವನು ನೋಡಿ ಹೇಳುತ್ತೇನೆಂದು ಇಟ್ಟುಕೊಂಡ. ಅದು ವಾಪಸ್ ಬರುವವರೆಗೆ ನಾವಿಬ್ಬರೂ ಚಟ್ನಿಯನ್ನು ಒರಳಿನಲ್ಲಿ ಕುಟ್ಟುತ್ತಾ ನಕ್ಕೆವು. ಯಾವ ದೋಷವೂ ಇಲ್ಲವಂತೆ ಎಂದು ಮಾವ ಅದನ್ನು ತಂದಿಟ್ಟಾಗ, ಚಟ್ನಿ ಮಾತ್ರ ಈಗೀಗ ಬಹಳ ರುಚಿಯಾಗಿದೆ ಎಂದರು.

ನಿಜವಾದ ತೊಡಕು ಎದುರಾದದ್ದು ಒಳಭಾಗ ಜೋಡಿಸುವಾಗ. ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿದರು.

"ತಡಿ. ಅವರು ಬಲಕ್ಕ ಕುಂತು ಹೊಡಿತಿದ್ರು, ನಾ ಎಡಕ್ಕ ಕುಂದರತಿದ್ದೆ. ಇದರಾಗ ಸ್ಟೇರಿಂಗ್ ನನ್ನ ಕಡಿ ಐತಲ್ಲ."

ಹೌದು, ಅದು ಪರದೇಶದ ಜೀಪು, ಎಡಗಡೆಯಿಂದ ಓಡಿಸುವಂಥದ್ದು. ಜವಳಗೇರಾದ ತವರಿನಿಂದ ಮೊದಲ ಸಲ ಗಂಡನ ಮನೆಗೆ ಬರುವಾಗಲೂ ತಾವು ಎಡಗಡೆಯೇ ಕೂತಿದ್ದಾಗಿ ಅತ್ತೆ ಹೇಳಿದರು. ಆ ಜಾಗ ಬಿಟ್ಟುಕೊಡಲು ಅವರು ತಯಾರಿರಲಿಲ್ಲ. ನಾನು ಬ್ಲೇಡ್ ತೆಗೆದುಕೊಂಡು, ಸ್ಟೇರಿಂಗ್ ಕೂರುವ ಮುಂದಿನ ಫಲಕವನ್ನು ಮೂರು ತುಂಡು ಮಾಡಿದೆ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟು ಅಂಟಿಸಿದೆ. ಉಳಿದ ಪ್ಲಾಸ್ಟಿಕ್ ಚೂರುಗಳನ್ನು ಅದೇ ಅಂಟಿನಲ್ಲಿ ಕರಗಿಸಿ ಸಂದುಗಳಿಗೆ ಮೆತ್ತಿ, ಒಣಗಿದ ಮೇಲೆ ಉಜ್ಜಿ ಸಪಾಟು ಮಾಡಿದೆ. ಸ್ಟೇರಿಂಗ್ ಬಲಕ್ಕೆ ಕೂತಾಗ ಅತ್ತೆ ಕೈಬೆರಳಿನಿಂದ ಅದನ್ನು ಮೆಲ್ಲಗೆ ತಿರುಗಿಸಿ ನೋಡಿದರು. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು ಅಡುಗೆಮನೆಯಲ್ಲೇ ಕುಣಿದುಬಿಟ್ಟೆವು.

ಆ ಹುರುಪಿನಲ್ಲಿ, ನಾನು ಆಫೀಸಿಗೆ ಹೋದಾಗ, ಅತ್ತೆ ನನ್ನ ಉಗುರುಬಣ್ಣ ತೆಗೆದು ಜೀಪಿನ ಮೇಲ್ಛಾವಣಿಗೆ ಬಳಿದರು. ಸಂಜೆ ಬಂದು ನೋಡಿದರೆ ಪ್ಲಾಸ್ಟಿಕ್ ಹಪ್ಪಳದಂತೆ ಉಬ್ಬಿ ಸುಕ್ಕುಗಟ್ಟಿತ್ತು. ಅತ್ತೆಯ ಮುಖವೂ ಹಾಗೇ ಆಗಿತ್ತು. ಮಾವನ ಜೀಪಿಗೆ ಎಂಥ ಛಾವಣಿ ಇತ್ತು ಎಂದು ಕೇಳಿದೆ. ಕರಿ ರೆಕ್ಸಿನ್ನಿನ ಹೊದಿಕೆ ಎಂದರು. ಅಂದ ಮೇಲೆ ಚಿಂತೆ ಏನು? ಅತ್ತೆ ಹಳೆಯ ಕೊಡೆಯ ಬಟ್ಟೆ ಕತ್ತರಿಸಿ, ಅಂಚು ಹೊಲಿದು, ಸುಕ್ಕಿನ ಮೇಲೆ ಬಿಗಿಯಾಗಿ ಎಳೆದು ಅಂಟಿಸಿದರು. ಉಳಿದ ಮೈಗೆ ನಾನು ಸಿಂಧನೂರಿನ ಸ್ಟೇಷನರಿ ಅಂಗಡಿಯಿಂದ ನೀರಿನಲ್ಲಿ ಕಲಸುವ ಬಣ್ಣ ತಂದು ಹಚ್ಚಿದೆ. ಹಿಂದಿನ ಸೀಟುಗಳಿಗೆ ಅತ್ತೆ ತಮ್ಮ ಖಣದ ಕುಪ್ಪಸದ ತುಂಡಿನಿಂದ ಕವರ್ ಹೊಲಿದರು. ಅಸಲಿ ಜೀಪಿನಲ್ಲಿ ಅಂಥದ್ದು ಇರಲಿಲ್ಲವಂತೆ. ಹಾಕಿಸಿ ಎಂದು ಎಷ್ಟು ಹೇಳಿದರೂ ಮಾವ ಹಾಕಿಸಿರಲಿಲ್ಲವಂತೆ.

ಖಂಡೇಪೂಜೆಯ ಬೆಳಿಗ್ಗೆ ಮಾವ ಸ್ಕೂಟರ್ ತೊಳೆದು ಒಳಗೆ ಬಂದಾಗ ಮಣೆಯ ಮೇಲೆ ಜೀಪು ನಿಂತಿತ್ತು. ಮೊಣಕಾಲು ನೋವನ್ನೂ ಮರೆತು ನೆಲದ ಮೇಲೆ ಮಲಗಿ, ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿದರು. ಎದ್ದು ಕೂತು, "ಸೀಟಿಗೆ ಖಣ ಯಾರು ಹಾಕ್ಸಿದ್ರು?" ಎಂದರು.

"ಓನರ್ ಹಾಕ್ಸ್ಯಾರ್ರಿ," ಎಂದರು ಅತ್ತೆ.

ಪೂಜೆಯಾಯಿತು. ಗಾಲಿಯ ಕೆಳಗೆ ನಿಂಬೆಹಣ್ಣು ಇಡಬೇಕಲ್ಲ. ನಿಂಬೆಹಣ್ಣು ಗಾಲಿಗಿಂತ ದೊಡ್ಡದು. ಮಾವ ಉಸುಳಿಗೆ ನೆನೆಸಿದ್ದ ಕಡಲೆಯಲ್ಲಿ ನಾಲ್ಕು ಕಾಳು ತಂದು ಇಟ್ಟರು. ತುಟಿಯಲ್ಲೇ ಹಾರ್ನ್ ಹೊಡೆದು, ಬೆರಳಿನಿಂದ ಹಿಂದಿನಿಂದ ದೂಡಿದರು. ಜೀಪು ಕಾಳು ಹತ್ತಿತು, ಇಳಿಯಲಿಲ್ಲ. ಮುಂದಿನ ಗಾಲಿಯೊಂದು ಟಪ್ಪೆಂದು ಕಳಚಿ ಉರುಳುತ್ತಾ ಮಂಚದ ಕೆಳಗೆ ಹೋಯಿತು. ನಾನು ಬಾಯಿ ಮುಚ್ಚಿಕೊಂಡೆ. ಮಾವ ಮಾತ್ರ ಪಂಚೆ ಎತ್ತಿಕಟ್ಟಿ ಮಂಚದ ಕೆಳಗೆ ತೆವಳಿದರು. ಒಳಗಿನಿಂದ, ಪ್ಯಾಸೆಂಜರುಗಳೆಲ್ಲ ಇಳಿದು ಚಹಾ ಕುಡಿಯಬೇಕೆಂದೂ, ಸ್ವಲ್ಪ ಹೊತ್ತು ಹಿಡಿಯುತ್ತದೆಂದೂ ಅವರ ದನಿ ಬಂತು. ಅತ್ತೆ ನಗುತ್ತಾ ನಗುತ್ತಾ ಗೋಡೆಗೆ ಒರಗಿ ಕುಸಿದು ಕೂತರು.

ಊಟದ ಹೊತ್ತಿಗೆ ಫೋನಿನಲ್ಲಿ ತರಿಸಿ ಜೋಡಿಸಿದ ಕಥೆಯನ್ನೆಲ್ಲ ಕೇಳಿಸಿಕೊಂಡ ಮಾವ, ಊಟವಾದ ಮೇಲೆ ಅಂಟಿನ ಬಾಟಲಿ ಕೇಳಿದರು. ಕನ್ನಡಕ ಹಾಕಿಕೊಂಡು, ಉಸಿರು ಬಿಗಿಹಿಡಿದು, ಗಾಲಿಯನ್ನು ತಾವೇ ಕೂಡಿಸಿದರು. ಆಮೇಲೆ ಅದೇ ಫೋನಿನಲ್ಲಿ ಲಾರಿಯೂ ಸಿಗುತ್ತದೆಯೇ ಎಂದು, ನನ್ನ ಕಡೆ ನೋಡದೆ, ವಿಚಾರಿಸಿದರು.